ಚಿಲಕ, ಲಾಡಿ ಮತ್ತು ನನ್ನ ದನಿ

ನಮ್ಮ ಮನೆಯಲ್ಲಿ ಹೆಂಗಸರ ಪರವಾಗಿ ಮಾತಾಡುತ್ತಿದ್ದದ್ದು ಒಂದು ಚಿಲಕ. ಇಂಡಿ ಊರಿನ ಆ ಮನೆಯ ಪಡಸಾಲೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು, ಆ ಬಾಗಿಲಿಗೆ ಕಬ್ಬಿಣದ ಸರಪಳಿಯ ಹಳೇ ಚಿಲಕ. ಪಡಸಾಲೆಯಲ್ಲಿ ಗಂಡಸರು ಕೂತಿದ್ದಾಗ ಅಪ್ಪನನ್ನು ಕರೆಯಬೇಕಾದರೆ ಅವ್ವ ಬಾಗಿಲ ಹಿಂದೆ ನಿಂತು ಅದನ್ನು ಅಲ್ಲಾಡಿಸುತ್ತಿದ್ದಳು. ಒಂದು ಸಲ ಸದ್ದಾದರೆ ಚಹಾ ಆಗಿದೆ. ಎರಡು ಸಲ ಆದರೆ ಊಟಕ್ಕೆ ಏಳಬಹುದು. ಬಿಡದೆ ಸದ್ದು ಮಾಡಿದರೆ ಹಾಲು ಮುಗಿದಿದೆ, ಬಂದವರನ್ನು ಬೇಗ ಸಾಗಹಾಕಿ ಎಂದು ಅರ್ಥ. ಬಂದವರಿಗೂ ಈ ಭಾಷೆ ಗೊತ್ತಿತ್ತು. ಮೂರನೆಯ ಸದ್ದಿಗೆ ತಾವೇ ಎದ್ದು ಟೊಪ್ಪಿಗೆ ಹುಡುಕುತ್ತಿದ್ದರು.

"ಹೆಣ್ಮಕ್ಳ ದನಿ ಹೊಸ್ತಲಾ ದಾಟಬಾರದು" ಎಂಬುದು ಅಪ್ಪನ ಮಾತು. ಅವನ ಸ್ವಂತ ದನಿ ಹೊಸ್ತಿಲು, ಓಣಿ, ಊರ ಅಗಸಿಬಾಗಿಲು ಎಲ್ಲವನ್ನೂ ದಾಟಿ ಹೊಲಕ್ಕೆ ಹೋಗಿ ಆಳುಗಳನ್ನು ಬೈದು ವಾಪಸು ಬರುತ್ತಿತ್ತು. ಅವನು ಕೆಟ್ಟವನಲ್ಲ. ನನಗೆ ಟೀಚರ್ ಟ್ರೇನಿಂಗ್ ಮಾಡಿಸಿದವನೂ ಅವನೇ. ಆದರೆ ಮಾತಾಡುವುದೇ ಕಸುಬಾದ ಕೆಲಸಕ್ಕೆ ಮಗಳನ್ನು ತಯಾರು ಮಾಡುತ್ತಾ, ಆ ಮಗಳು ಬಾಯಿ ತೆರೆಯಬಾರದು ಎಂದು ಬಯಸುವುದರಲ್ಲಿ ಏನೋ ಎಡವಟ್ಟಿದೆ ಎಂದು ಅವನಿಗೆ ಹೊಳೆಯಲಿಲ್ಲ. ಅವ್ವನಂತೂ ನಮ್ಮೊಂದಿಗೆ ಮಾತಾಡುವಾಗಲೂ ಬರೀ ಪಿಸುಗುಡುತ್ತಿದ್ದಳು. ನಿನ್ನ ತಾಯಿಯ ದನಿ ಹೇಗಿದೆ ಎಂದು ಯಾರಾದರೂ ಕೇಳಿದ್ದರೆ ನಾನು ಆ ಚಿಲಕದ ಸದ್ದನ್ನೇ ಹೇಳುತ್ತಿದ್ದೆನೇನೋ.

ಎಪ್ಪತ್ತರ ದಶಕದ ನಡುವಿನ ಒಂದು ಜೂನ್ ತಿಂಗಳಲ್ಲಿ ಮುದ್ದೇಬಿಹಾಳದ ಒಂದು ಸಾಲಿಗೆ, ಅಂದರೆ ಶಾಲೆಗೆ, ಅಕ್ಕೋರಾಗಿ ನನ್ನ ನೇಮಕವಾಯಿತು. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅಕ್ಕೋರು ಎನ್ನುತ್ತಾರೆ. ಆಗ ನನಗೆ ಇಪ್ಪತ್ತು. ಅಪ್ಪ ಒಂದೇ ಶರತ್ತು ಹಾಕಿದ: "ದಿಪೋಟಿ ಸಾಹೇಬ್ರು ನೋಡಾಕ ಬರ್ತಾರ. ಅವರು ಚಲೋ ಅಂದ್ರ ಇರು. ಇಲ್ಲಾಂದ್ರ ಗಪ್ಪನ ಮನಿಗಿ ಬಾ, ವರ ನೋಡೇನಿ." ದಿಪೋಟಿ ಎಂದರೆ ಸಾಲಿ ತಪಾಸಣೆಯ ಸಾಹೇಬರು. ಅವರ ಒಂದು ಷರಾ ನನ್ನ ನೌಕರಿಯನ್ನು ಉಳಿಸಬಹುದಿತ್ತು, ಕಳೆಯಬಹುದಿತ್ತು.

ನನ್ನ ದನಿ ಎಂಥದೆಂದು ದಾರಿಯಲ್ಲೇ ಗೊತ್ತಾಯಿತು. ಬಸವನ ಬಾಗೇವಾಡಿಯ ಸ್ಟ್ಯಾಂಡಿನಲ್ಲಿ ನೀರು ಕುಡಿಯಲು ಇಳಿದೆ. ಕಂಡಕ್ಟರ್ ನನ್ನನ್ನು ಮರೆತು ರೈಟ್ ಹೇಳಿಬಿಟ್ಟ. ನನ್ನ ಟ್ರಂಕು ಮುದ್ದೇಬಿಹಾಳಕ್ಕೆ ಹೊರಟಿತು, ನಾನು ಬಾಗೇವಾಡಿಯಲ್ಲಿ ಉಳಿದೆ. ಕೂಗಲು ಬಾಯಿ ತೆರೆದರೆ ಬಂದದ್ದು ಗಾಳಿ ಮಾತ್ರ. ಪಕ್ಕದಲ್ಲಿ ಎಲೆ ಅಡಿಕೆ ಹಾಕುತ್ತ ಕೂತಿದ್ದ ರೈತನೊಬ್ಬ ನನ್ನ ಪರವಾಗಿ "ಹೋಲ್ಡಾನ್" ಎಂದು ಗದರಿದ, ಬಸ್ಸು ನಿಂತಿತು. ಅಲ್ಲಿ ಬಾರಿಸಲು ಚಿಲಕ ಇರಲಿಲ್ಲವಲ್ಲ.

ನನಗೆ ಕೊಟ್ಟದ್ದು ಎರಡನೇ ಇಯತ್ತೆ, ಅಂದರೆ ಎರಡನೇ ಕ್ಲಾಸು. ಒಂದೇ ಉದ್ದನೆಯ ಕೋಣೆ, ನಡುವೆ ಬಿದಿರಿನ ತಟ್ಟಿ. ತಟ್ಟಿಯ ಆಚೆ ನಾಲ್ಕನೇ ಇಯತ್ತೆಯ ಮಾಸ್ತರರು. ಆ ಪುಣ್ಯಾತ್ಮರ ಗಂಟಲು ದೇವರು ಕೊಟ್ಟದ್ದಲ್ಲ, ಯಾವುದೋ ಗಿರಣಿಯಿಂದ ತಂದದ್ದು ಎಂಬುದು ನನ್ನ ನಂಬಿಕೆ. ಅವರು ನದಿಗಳ ಹೆಸರು ಹೇಳಿಸತೊಡಗಿದರೆ ತಟ್ಟಿ ನಡುಗುತ್ತಿತ್ತು. ಈಚೆ ನಾನು ಮುಂದಿನ ಸಾಲಿನ ನಾಲ್ಕು ಮಕ್ಕಳಿಗೆ ಮಾತ್ರ ಕೇಳುವಂತೆ ಎಮ್ಮೆಯ ಪಾಠ ಮಾಡುತ್ತಿದ್ದೆ. ಹನ್ನೊಂದು ಗಂಟೆಗೆ ದನಿ ಒಡೆಯುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಹೋಗುತ್ತಿತ್ತು. ಆಮೇಲೆ ಬೆತ್ತದಿಂದ ಮೇಜು ಬಡಿಯುವುದು. ಚಿಲಕದಿಂದ ಬೆತ್ತಕ್ಕೆ ಬಡ್ತಿ ಸಿಕ್ಕಿತ್ತು, ಅಷ್ಟೇ.

ತಿಂಗಳಾದ ಮೇಲೆ ಹೆಡ್ ಮಾಸ್ತರರು ನನ್ನ ಕ್ಲಾಸಿಗೆ ಬಂದು, ಎಮ್ಮೆ ನಮಗೆ ಏನು ಕೊಡುತ್ತದೆ ಎಂದು ಕೇಳಿದರು. ನನ್ನ ಮಕ್ಕಳು ಎದ್ದು ನಿಂತು ಒಂದೇ ರಾಗದಲ್ಲಿ, "ಕೃಷ್ಣಾ, ಭೀಮಾ, ಡೋಣಿ" ಎಂದರು. ತಟ್ಟಿಯ ಆಚೆಯಿಂದ ಕೇಳಿಸಿದ್ದನ್ನು ಪಾಪ ಅವು ಶ್ರದ್ಧೆಯಿಂದ ಕಲಿತಿದ್ದವು.

ಹೆಡ್ ಮಾಸ್ತರರು ನಗಲಿಲ್ಲ. "ಅಕ್ಕೋರ, ದೀಪಾವಳಿ ಮುಂಚೆ ದಿಪೋಟಿ ಸಾಹೇಬ್ರು ಬರ್ತಾರ. ಹಿಂಗ ಆದ್ರ ನಾ ಏನೂ ಮಾಡಾಕ ಆಗಂಗಿಲ್ಲ. ಗಂಟಲಕ್ಕ ಏನರ ಔಷಧ ತೊಗೊಳ್ರಿ" ಎಂದರು.

ಅಲ್ಲಿಂದ ನನ್ನ ಗಂಟಲು ಊರ ಗಂಟಲಾಯಿತು. ಒಬ್ಬರು ಜೇಷ್ಠಮಧು ಅಗಿಯಿರಿ ಎಂದರು, ಇನ್ನೊಬ್ಬರು ಹಿಪ್ಪಲಿ ಎಂದರು. ಬಿಸಿ ತುಪ್ಪದಲ್ಲಿ ಮೆಣಸು ಹಾಕಿ ಕುಡಿದೆ. ಬೆಲ್ಲ ಸುಣ್ಣ ಕಲಸಿ ಕೊರಳಿಗೆ ಬಳಿದುಕೊಂಡು ಸಾಲಿಗೆ ಹೋದ ದಿನ ಮಕ್ಕಳು ನನ್ನ ಮುಖ ನೋಡಲಿಲ್ಲ, ನನ್ನ ಕೊರಳಿನ ಮೇಲೆ ಕೂರುವ ನೊಣ ಎಣಿಸುತ್ತಿದ್ದವು. ಡಾಕ್ಟರು ಬಾಯಲ್ಲಿ ಬ್ಯಾಟರಿ ಬಿಟ್ಟು ನೋಡಿ, "ಗಂಟಲಾ ಚೊಕ್ಕ ಐತ್ರಿ" ಎಂದರು. ಚೊಕ್ಕ ಇದ್ದರೂ ಒಂದು ಸೂಜಿ ಚುಚ್ಚಿದರು. ದನಿ ಎಂದರೆ ಗಂಟಲು, ಗಂಟಲಿನ ಕೆಳಗೆ ಮನುಷ್ಯನಿಗೆ ಏನೂ ಇಲ್ಲ ಎಂದು ಆ ಊರಿನ ಸಕಲ ಪಂಡಿತರೂ ತೀರ್ಮಾನಿಸಿದ್ದರು. ನಾನೂ ಹಾಗೇ ತಿಳಿದಿದ್ದೆ.

ಈಗ ಲಾಡಿಯ ವಿಷಯ ಹೇಳಬೇಕು. ಹೇಳಲು ನನಗೇನೂ ನಾಚಿಕೆಯಿಲ್ಲ, ಕೇಳುವವರು ಬೇಕಾದರೆ ನಾಚಿಕೊಳ್ಳಲಿ.

ಅವ್ವ ಉಡುತ್ತಿದ್ದದ್ದು ಕಚ್ಚೆ ಸೀರೆ. ನಮಗೆ ಟ್ರೇನಿಂಗಿನಲ್ಲಿ ಹೊಸ ರೀತಿಯ ಸೀರೆ ಬಂತು. ಒಳಗೆ ಲಂಗ, ಲಂಗಕ್ಕೆ ಲಾಡಿ, ಆ ಲಾಡಿಯ ಮೇಲೆ ಇಡೀ ಸೀರೆಯ ಮಾನ. ಹಿಂದೊಮ್ಮೆ ಯಾವುದೋ ಅಕ್ಕೋರು ಬೋರ್ಡಿನ ಮೇಲಿನ ತುದಿಗೆ ಕೈ ಚಾಚಿ ಬರೆಯುವಾಗ ಲಾಡಿ ಬಿಚ್ಚಿ ಸೀರೆ ಕೆಳಗೆ ಬಿತ್ತು ಎಂಬ ಕತೆ ನಮ್ಮ ಹಾಸ್ಟೆಲ್ಲಿನಲ್ಲಿ ಪ್ರತಿ ವರ್ಷ ಹೊಸಬರಿಗೆ ಹೇಳಲಾಗುತ್ತಿತ್ತು. ಆ ಅಕ್ಕೋರು ಯಾರು, ಯಾವ ಊರಿನವರು ಎಂದು ಯಾರಿಗೂ ಗೊತ್ತಿಲ್ಲ. ಆದರೆ ಅವರ ಹೆದರಿಕೆ ಮಾತ್ರ ನಮ್ಮೆಲ್ಲರ ಹೊಟ್ಟೆಯಲ್ಲಿತ್ತು. ಹಾಗಾಗಿ ನಾನು ಪ್ರತಿ ಮುಂಜಾನೆ ಉಸಿರು ಒಳಗೆಳೆದು, ಹೊಟ್ಟೆಯನ್ನು ಬೆನ್ನಿಗೆ ಹಚ್ಚಿ, ಜೋಳದ ಚೀಲದ ಬಾಯಿಗೆ ನಮ್ಮ ಆಳುಗಳು ಹಾಕುತ್ತಿದ್ದ ಗಂಟನ್ನು ಹಾಕುತ್ತಿದ್ದೆ. ಚೀಲ ಎತ್ತಿ ಒಗೆದರೂ ಬಿಚ್ಚದ ಗಂಟು ಅದು. ಅದರ ಮೇಲೆ ಎರಡು ಪಿನ್ನು. ಸಂಜೆ ಬಿಚ್ಚಿದಾಗ ನಡುವಿನ ಸುತ್ತ ಕೆಂಪು ಗೆರೆ ಮೂಡಿರುತ್ತಿತ್ತು.

ನಾನು ಬಾಡಿಗೆಗೆ ಇದ್ದದ್ದು ಊರಂಚಿನ ಒಂದು ಮನೆಯ ಮುಂದಿನ ಖೋಲಿಯಲ್ಲಿ. ಮನೆಯ ಒಡತಿ ಕುರಿ ಸಾಕಿದ ಒಬ್ಬ ಮುದುಕಿ, ಎಲ್ಲರಿಗೂ ಆಯಿ. ಅವಳು ಹಿತ್ತಲಿನ ಒಡ್ಡಿನ ಮೇಲೆ ನಿಂತು ಬಾಯಿ ತೆರೆದರೆ ಹಳ್ಳದ ಆಚೆ ಮೇಯುತ್ತಿದ್ದ ಕುರಿಗಳು ತಲೆಯೆತ್ತುತ್ತಿದ್ದವು. ಹಲ್ಲು ಮೂರೋ ನಾಲ್ಕೋ ಇದ್ದವು, ದನಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಒಂದು ಸಂಜೆ ಸಾಲಿಯಿಂದ ಬಂದು, ಬಾಗಿಲು ಹಾಕಿ, ಗಂಟಿನೊಂದಿಗೆ ಗುದ್ದಾಡಿ ಬಿಚ್ಚಿದೆ. ಬಿಚ್ಚಿದ ತಕ್ಷಣ ನನಗೆ ಗೊತ್ತಿಲ್ಲದಂತೆ ಒಂದು "ಹಾ" ಹೊರಬಿತ್ತು. ಹಿತ್ತಲಲ್ಲಿದ್ದ ಆಯಿ ಬಂದು ಬಾಗಿಲು ಬಡಿದಳು.

"ಅಕ್ಕೋರ, ಒಳಗ ಯಾರ ಅದಾರ?"

"ಯಾರೂ ಇಲ್ಲ ಆಯಿ, ನಾನ" ಎಂದು ಪಿಸುಗುಟ್ಟಿದೆ.

"ಈಗ ಹಾ ಅಂದಾಕಿ ಯಾರು?"

"ನಾನ."

ಬಾಗಿಲು ತೆರೆದಾಗ ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸೀರೆ ಅಸ್ತವ್ಯಸ್ತ, ಕೈಯಲ್ಲಿ ಲಾಡಿ. "ಅಷ್ಟ ಚಲೋ ದನಿ ಮನ್ಯಾಗಿಟ್ಟ ಸಾಲಿಗಿ ಹೋಗ್ತೀರೇನು? ಯಾರ ಕಳವು ಮಾಡ್ತಾರಂತ?" ಎಂದಳು. ಆಮೇಲೆ ನನ್ನ ನಡುವಿನ ಮೇಲಿನ ಕೆಂಪು ಗೆರೆ ನೋಡಿ ನಾಲಿಗೆ ಕಚ್ಚಿಕೊಂಡಳು. "ಹಿಂಗ ಯಾಕ ಬಿಗದೀರಿ?"

"ಸೀರಿ ಜಾರಬಾರದಲ್ಲ, ಆಯಿ."

"ನಮ್ಮ ಟಗರಿಗಿ ಹಿಂಗ ಬಿಗದ್ರ ಅದೂ ಬ್ಯಾ ಅನ್ನಂಗಿಲ್ಲ" ಎಂದಳು.

ಇಷ್ಟು ದಿನ ನಾನು ಗಂಟಲಿಗೆ ತುಪ್ಪ ಸುರಿದದ್ದು, ಸುಣ್ಣ ಬಳಿದದ್ದು, ಸೂಜಿ ಹಾಕಿಸಿಕೊಂಡದ್ದು ಎಲ್ಲ ನೆನಪಾಗಿ ನನಗೆ ಅಳು ಬಂತು, ಸಿಟ್ಟೂ ಬಂತು. ರೋಗ ಒಂದು ಕಡೆ, ಮದ್ದು ಒಂದು ಕಡೆ ಎನ್ನುವುದು ಇದಕ್ಕೇ. ಆದರೆ ಲಾಡಿ ಸಡಿಲಿಸಿದ ಕೂಡಲೇ ದನಿ ಓಡಿ ಬಂದು ಕೊರಳಿಗೆ ಬೀಳಲಿಲ್ಲ. ಮರುದಿನ ಬೇರೆ ಗಂಟು ಹಾಕಿಕೊಂಡು ಹೋದೆ. ಆದರೂ ಹೊಟ್ಟೆ ತಾನಾಗಿಯೇ ಒಳಗೆಳೆದುಕೊಂಡು ಕೂತಿತ್ತು. ಹಗ್ಗ ಬಿಚ್ಚಿದರೂ ಗೂಟದ ಸುತ್ತಲೇ ತಿರುಗುವ ದನದ ಹಾಗೆ. ಹತ್ತೊಂಬತ್ತು ಇಪ್ಪತ್ತು ವರ್ಷ ಬಾಗಿಲ ಹಿಂದೆ ನಿಂತು ಕಲಿತದ್ದು ಒಂದು ದಿನಕ್ಕೆ ಹೋಗುವುದಿಲ್ಲ.

ಆಯಿ ಇದನ್ನು ತನ್ನ ಕೆಲಸವೆಂದು ಹಚ್ಚಿಕೊಂಡಳು. ಸಂಜೆ ಹಿತ್ತಲಲ್ಲಿ ಕೌದಿ ಹಾಸಿ ನನ್ನನ್ನು ಅಂಗಾತ ಮಲಗಿಸಿ, ಹೊಟ್ಟೆಯ ಮೇಲೆ ಅರ್ಧ ನೀರು ತುಂಬಿದ ಹಿತ್ತಾಳೆ ತಂಬಿಗೆ ಇಟ್ಟಳು. "ಇದನ್ನ ಉಸರಿನಿಂದ ಎತ್ತರಿ. ಎದಿಯಿಂದ ಅಲ್ಲ, ಹೊಟ್ಟಿಯಿಂದ" ಎಂದಳು. ನಾನು ಉಸಿರು ಎಳೆದರೆ ಭುಜ ಏರಿದವು, ಕೊರಳಿನ ನರ ಉಬ್ಬಿದವು, ತಂಬಿಗೆ ಮಾತ್ರ ಕದಲಲಿಲ್ಲ. ಮೂರನೆಯ ದಿನ ಒಮ್ಮೆಲೇ ಎದ್ದ ತಂಬಿಗೆ ಉರುಳಿ ನೀರೆಲ್ಲ ನನ್ನ ಮೈಮೇಲೆ ಬಿತ್ತು. ಇಬ್ಬರೂ ನಕ್ಕೆವು. ಆಗ ಆಯಿ ನನ್ನ ಹೊಟ್ಟೆಯ ಮೇಲೆ ಅಂಗೈ ಇಟ್ಟು, "ಹಾಂ, ಈಗ ನಗಾಕತ್ತೀರಲ್ಲ, ಇಲ್ಲಿಂದ. ಇದ ಜಾಗಾ" ಎಂದಳು. ನಗುವ ಹೆಂಗಸನ್ನು ನಂಬಬಾರದು ಎಂದು ಗಾದೆ ಮಾಡಿದವನಿಗೆ ಈ ಜಾಗ ಗೊತ್ತಿತ್ತೆಂದು ಕಾಣುತ್ತದೆ, ಅದಕ್ಕೇ ಹೆದರಿದ್ದ.

ಆಮೇಲೆ ಆಕಳಿಸುವ ಪಾಠ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಆಕಳಿಸುವಾಗ ಸೆರಗು ಅಡ್ಡ ಹಿಡಿಯಬೇಕಿತ್ತು. ಆಯಿ ಎಮ್ಮೆಯ ಹಾಗೆ ದವಡೆ ಇಳಿಬಿಟ್ಟು ಆಕಳಿಸಲು ಹೇಳಿದಳು, ಕೊನೆಗೆ ಬರುವ ದನಿಯನ್ನು ತಡೆಯದೆ ಬಿಡಬೇಕು. ನಂತರ ಬೀಸುವ ಕಲ್ಲು. ಊರಿಗೆ ಗಿರಣಿ ಬಂದಿದ್ದರೂ ಬೇಳೆ ಒಡೆಯಲು ಅವಳ ಮನೆಯಲ್ಲಿ ಕಲ್ಲು ಇತ್ತು. ಎದುರುಬದುರು ಕೂತು ಗೂಟ ಹಿಡಿದು ನೂಕುವಾಗ ಉಸಿರು ಬಿಡುವುದು, ಬಿಡುವ ಉಸಿರಿನ ಮೇಲೆ "ಹೂಂ" ಎನ್ನುವುದು. ಕಲ್ಲು ತಿರುಗಿದಂತೆ ನಡ ತಿರುಗುತ್ತದೆ, ನಡ ತಿರುಗಿದಂತೆ ದನಿ ತಾನಾಗಿ ಬರುತ್ತದೆ. ನನ್ನ ಅಜ್ಜಿಯಂದಿರು ಬೆಳಗಿನ ಜಾವ ಬೀಸುತ್ತ ಹಾಡುತ್ತಿದ್ದರಂತೆ. ಕಲ್ಲಿನ ಸದ್ದಿನಲ್ಲಿ ಗಂಡಸರಿಗೆ ಅವರ ಹಾಡು ಕೇಳುತ್ತಿರಲಿಲ್ಲವಾದ್ದರಿಂದ ಯಾರೂ ಬೇಡ ಅಂದಿರಲಿಕ್ಕಿಲ್ಲ. ಗಿರಣಿ ಬಂದು ಕೈಗೆ ಸುಖವಾಯಿತು, ಹೊಟ್ಟೆಯೊಳಗಿನ ಗಾಳಿಗೆ ದಾರಿ ಮುಚ್ಚಿತು.

ಕೊನೆಯ ಪಾಠ ಒಡ್ಡಿನ ಮೇಲೆ. "ಕುರೀಗೋಳಿಗಿ ದನಿ ಒಗೀಬ್ಯಾಡ್ರಿ. ಬಾಯಿ ತಗೀರಿ, ಮಣಕಾಲ ಸಡ್ಲ ಬಿಡ್ರಿ, ದನಿ ತಾನ ಹೋಗ್ತೈತಿ" ಎಂದಳು. ನಾನು ಕೂಗಿದೆ. ಬಂದ ದನಿ ದಪ್ಪಗಿತ್ತು, ಕೆಳಗಿತ್ತು. ನನ್ನದೆಂದು ನಂಬಿಕೆಯಾಗದೆ ಹಿಂದೆ ತಿರುಗಿ ನೋಡಿದೆ. ಹಳ್ಳದ ಆಚೆ ಕುರಿಗಳು ತಲೆಯೆತ್ತಿದವು. ನನ್ನ ಮಾತಿಗೆ ಜೀವನದಲ್ಲಿ ಮೊದಲು ತಲೆಯೆತ್ತಿದವು ಅವು. ಆ ಖುಷಿಯನ್ನು ಮುಂದೆ ಯಾವ ಸಭೆಯ ಚಪ್ಪಾಳೆಯೂ ನನಗೆ ಕೊಟ್ಟಿಲ್ಲ.

ದೀಪಾವಳಿಗೆ ವಾರವಿದ್ದಾಗ ದಿಪೋಟಿ ಸಾಹೇಬರು ಬಂದರು. ಹೆಡ್ ಮಾಸ್ತರರು ನನ್ನ ಕಡೆಗೆ, ಕಸಾಯಿಖಾನೆಗೆ ಹೊರಟ ಮೇಕೆಯನ್ನು ನೋಡುವ ಹಾಗೆ ನೋಡಿದರು. ಮಣಕಾಲು ಸಡಿಲ ಬಿಟ್ಟೆ. ಹೊಟ್ಟೆಯ ಮೇಲೆ ತಂಬಿಗೆ ಇದೆ ಎಂದುಕೊಂಡು ಅದನ್ನು ಒಮ್ಮೆ ಎತ್ತಿ ಇಳಿಸಿ, "ಎಮ್ಮೆ ನಮಗೆ ಹಾಲು ಕೊಡುತ್ತದೆ" ಎಂದೆ. ಹಿಂದಿನ ಸಾಲಿನಲ್ಲಿ ತೂಕಡಿಸುತ್ತಿದ್ದವನೊಬ್ಬ ಬೆಚ್ಚಿ ಎದ್ದು ನಿಂತ. ಇಡೀ ಕ್ಲಾಸು ನನ್ನ ಹಿಂದೆ ಹೇಳಿತು. ತಟ್ಟಿಯ ಆಚೆ ಗಿರಣಿ ನಿಂತುಹೋಯಿತು. ಎರಡನೆಯ ವಾಕ್ಯಕ್ಕೆ ನಾಲ್ಕನೇ ಇಯತ್ತೆಯ ಮಕ್ಕಳೂ ನಮ್ಮ ಎಮ್ಮೆಯ ಹಿಂದೆ ಬಂದರು.

ಸಾಹೇಬರು ಪೆನ್ನು ತೆಗೆದು ಷರಾ ಬರೆದರು. "ಅಕ್ಕೋರ, ಚಲೋ ಐತಿ. ಸ್ವಲ್ಪ ಮೆಲ್ಲಕ ಹೇಳಿದ್ರೂ ನಡೀತೈತಿ, ನನ್ನ ಕಿವಿ ಸರಿ ಅದಾವ" ಎಂದರು. ಹೆಡ್ ಮಾಸ್ತರರು ಯಾವ ಔಷಧವೆಂದು ಕೇಳಿದರು. ಹೇಳುವಂಥದ್ದಲ್ಲವೆಂದು ಜೇಷ್ಠಮಧು ಎಂದುಬಿಟ್ಟೆ. ಅವರು ನಿವೃತ್ತರಾಗುವವರೆಗೂ ಹೊಸ ಮಾಸ್ತರರಿಗೆಲ್ಲ ಜೇಷ್ಠಮಧು ಅಗಿಸಿದರೆಂದು ಕೇಳಿದ್ದೇನೆ.

ರಜೆಗೆ ಊರಿಗೆ ಹೊರಟೆ. ಬಾಗೇವಾಡಿಯಲ್ಲಿ ಬೇಕೆಂದೇ ನೀರಿಗೆ ಇಳಿದೆ. ಬಸ್ಸು ಹೊರಟಿತು. "ಹೋಲ್ಡಾನ್" ಎಂದೆ. ಬಸ್ಸು ನಿಂತಿತು, ಅದರ ಹಿಂದೆ ಬರುತ್ತಿದ್ದ ಎತ್ತಿನ ಗಾಡಿಯೂ ನಿಂತಿತು.

ಮನೆಯಲ್ಲಿ ಅಪ್ಪ ಸಾಹೇಬರ ಷರಾ ಕೇಳಿ ಹೂಂ ಎಂದ. ಚಲೋ ಅಂದರೆ ಇರು ಎಂದವನು ಅವನೇ. ಆದರೆ ನಾನು ಸೋತು ಬರುತ್ತೇನೆಂಬ ಭರವಸೆಯಲ್ಲಿ ಸಿಂದಗಿ ಕಡೆಯ ದೊಡ್ಡ ಮನೆತನದವರಿಗೆ ನಾಡಿದ್ದು ಬನ್ನಿ ಎಂದು ಆಗಲೇ ಹೇಳಿಯಾಗಿತ್ತು. ಕರೆದವರನ್ನು ಬೇಡ ಎನ್ನಲಾದೀತೇ ಎಂಬುದು ಅವನ ನ್ಯಾಯ.

ಅವ್ವ ಅಡುಗೆಮನೆಯಲ್ಲಿ ನನ್ನ ದನಿ ಕೇಳಿ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಏನ್ ಔಷಧ ತೊಗೊಂಡೆವಾ?" ಎಂದು ಪಿಸುಗುಟ್ಟಿದಳು.

"ಔಷಧ ಇಲ್ಲವ್ವ. ಲಾಡಿ ಸಡ್ಲ ಮಾಡ್ಕೊಂಡೆ."

ಅವಳು ಸೆರಗಿನಲ್ಲಿ ಮುಖ ಮುಚ್ಚಿ ನಕ್ಕಳು. ಆಯಿಯ ತಂಬಿಗೆಯ ಪಾಠವನ್ನೂ ಅವಳಿಗೆ ಹೇಳಿದೆ. ಮರುದಿನ ಮಧ್ಯಾಹ್ನ ಅಪ್ಪ ಹೊಲಕ್ಕೆ ಹೋಗಿದ್ದಾಗ ಬಾಗಿಲು ಹಾಕಿ, "ಆ ತಂಬಗಿದು ಹೆಂಗ, ತೋರಸು" ಎಂದಳು. ನಲವತ್ತು ದಾಟಿದ ನನ್ನ ಅವ್ವ ಅಡುಗೆಮನೆಯ ನೆಲದ ಮೇಲೆ ಅಂಗಾತ ಮಲಗಿದಳು. ಮೊದಲ ಉಸಿರಿಗೇ ತಂಬಿಗೆ ಎದ್ದಿತು. ನಾನು ಮೂರು ದಿನ ಹೆಣಗಿದ್ದೆ. ದಿನಾ ಸೇರುಗಟ್ಟಲೆ ಹಿಟ್ಟು ನಾದುವವಳ ಉಸಿರು ಹೊಟ್ಟೆಯಲ್ಲೇ ಇತ್ತು, ಬಾಯಿಗೆ ಬರಲು ಅದಕ್ಕೆ ಪರವಾನಗಿ ಇರಲಿಲ್ಲ. "ಈಗ ಹಾ ಅನ್ನವ್ವ" ಎಂದೆ. ಅವಳು ಬಾಯಿ ತೆರೆದಳು, ಬಾಗಿಲ ಕಡೆ ನೋಡಿದಳು, ಮುಚ್ಚಿದಳು. "ಬ್ಯಾಡ ಬಿಡ, ಯಾರರ ಕೇಳ್ಯಾರು" ಎಂದು ಎದ್ದು ಕೂತಳು.

ಸಿಂದಗಿಯವರು ನಾಲ್ಕು ಜನ ಬಂದರು. ಹಿರಿಯರೊಬ್ಬರು, "ತಂಗಿ, ನಿನ್ನ ಹೆಸರೇನವಾ?" ಎಂದು ಕೇಳಿದರು. ಹೇಳಿದೆ. ಅವರ ಕೈಯಲ್ಲಿದ್ದ ಚಹಾದ ಬಸಿ ಅಲುಗಿತು. ಓದು ಬರುತ್ತದೋ ಇಲ್ಲವೋ ನೋಡಲು ಪೇಪರ್ ಕೊಟ್ಟರು. ಒಂದು ಸುದ್ದಿ ಓದಿದೆ. ಹೊರಗೆ ಕಟ್ಟೆಯ ಮೇಲೆ ಕೂತಿದ್ದವರು ಮಾತು ನಿಲ್ಲಿಸಿ ಕೇಳಿದರು, ಒಬ್ಬರು ಮುಂದೇನಾಯಿತೆಂದು ಕಿಟಕಿಯಲ್ಲಿ ಇಣುಕಿದರು.

ಹಿರಿಯರು ಅಪ್ಪನ ಕಡೆ ತಿರುಗಿದರು. "ಹುಡುಗಿ ಚಲೋ ಅದಾಳ್ರಿ. ದನಿ ಒಂದ ಜಾಸ್ತಿ ಆತು. ನಮ್ಮ ಮನ್ಯಾಗ ಹೆಣ್ಮಕ್ಳ ದನಿ ಹೊರಗ ಕೇಳಂಗಿಲ್ಲ."

ಅಪ್ಪ ಕೈಮುಗಿದ. "ಸಾಲಿ ಸಲವಾಗಿ ಹಂಗಾಗೇತ್ರಿ. ನಾಳಿಂದ ಸಾಲಿ ಬಿಡಸ್ತೇನಿ. ಎರಡ ತಿಂಗಳ ಮನ್ಯಾಗಿದ್ರ ದನಿ ತಾನ ಇಳೀತೈತಿ."

ಎರಡು ತಿಂಗಳು. ಅಪ್ಪನ ಲೆಕ್ಕ ಸರಿಯಾಗಿತ್ತು, ಅದೇ ನನಗೆ ಹೆದರಿಕೆ ಹುಟ್ಟಿಸಿದ್ದು. ಈ ಪಡಸಾಲೆಯಲ್ಲಿ ಎರಡು ತಿಂಗಳು ಸಾಕು. ಇಲ್ಲ ಎನ್ನಲು ಬಾಯಿ ತೆರೆದೆ, ಭುಜ ಏರಿದವು, ಉಸಿರು ಎದೆಯ ಮೇಲೆ ನಿಂತುಬಿಟ್ಟಿತು. ಲಾಡಿ ಸಡಿಲವೇ ಇತ್ತು. ಆದರೂ ಬಂದದ್ದು ಬಾಗೇವಾಡಿಯ ಆ ಹಳೇ ಗಾಳಿ.

ಆಗ ಅಡುಗೆಮನೆಯ ಬಾಗಿಲ ಹಿಂದಿನಿಂದ ಒಂದು ದನಿ ಬಂತು. "ಏನ್ರೀ."

ಅಪ್ಪ ನನ್ನ ಮುಖ ನೋಡಿದ, ನಾನೇ ಅಂದೆನೆಂದು. ನಾನಾಗಿರಲಿಲ್ಲ. ಬೀಸುವ ಕಲ್ಲಿನಂಥ ದಪ್ಪ, ಭಾರದ ದನಿ. ನನ್ನ ದನಿಯ ತಾಯಿ ದನಿ. ಇಪ್ಪತ್ತು ವರ್ಷ ಅವಳ ಮಗಳಾಗಿದ್ದು ಅದನ್ನು ನಾನು ಮೊದಲ ಸಲ ಕೇಳಿದ್ದೆ.

"ಏನ್ರೀ, ಆಕಿ ಸಾಲಿ ಬಿಡಂಗಿಲ್ಲ. ಬಂದವರಿಗಿ ಊಟಕ್ಕ ಏಳಾಕ ಹೇಳ್ರಿ."

ಅಪ್ಪ ಬಾಗಿಲನ್ನೇ ನೋಡಿದ. ಮನೆಯಲ್ಲಿ ಯಾರೋ ಹೊಸಬರು ಇದ್ದಾರೆನ್ನುವ ಹಾಗಿತ್ತು ಅವನ ಮುಖ. ಆಮೇಲೆ ಮೆಲ್ಲಗೆ, ಬಹಳ ಮೆಲ್ಲಗೆ, "ಏಳ್ರಿ, ಊಟಕ್ಕ" ಎಂದ. ಸಿಂದಗಿಯವರು ಉಂಡರು, ಹೋದರು, ಮತ್ತೆ ಬರಲಿಲ್ಲ. ನಾನು ಮುದ್ದೇಬಿಹಾಳಕ್ಕೆ ಹೋಗಿ, ಅಲ್ಲಿಂದ ಬೇರೆ ಬೇರೆ ಊರುಗಳಲ್ಲಿ ಮೂವತ್ತು ವರ್ಷದ ಮೇಲೆ ಕಲಿಸಿದೆ. ಮುಂದೆ ನನ್ನನ್ನು ಕಟ್ಟಿಕೊಂಡವರಿಗೆ ಒಂದು ಕಿವಿ ಮಂದ. ಮದುವೆಗೆ ಮುಂಚೆ ಸರಿಯಾಗಿತ್ತೆಂದು ಅವರ ತಕರಾರು.

ಅಂದು ಬಂದವರು ಹೋದ ಮೇಲೆ ಅಪ್ಪ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತು ಕೇಳಿದ್ದು ಒಂದೇ ಮಾತು. "ಚಿಲಕಾ ಯಾಕ ಬಾರಿಸಲಿಲ್ಲ?"

"ಕೈಗಿ ಹಿಟ್ಟ ಹತ್ತಿತ್ತರಿ" ಎಂದು ಅವ್ವ ಪಿಸುಗುಟ್ಟಿದಳು.

ಅಪ್ಪ ಒಪ್ಪಿಕೊಂಡು ಹೋದ. ನಾನು ಬಾಗಿಲ ಹಿಂದೆ ಹೋಗಿ ನೋಡಿದೆ. ಚಿಲಕದ ಸರಪಳಿಯ ಮೇಲೆ ಜೋಳದ ಹಿಟ್ಟಿನ ಐದು ಬೆರಳು ಮೂಡಿದ್ದವು. ಮಾತು ಮುಗಿಯುವವರೆಗೂ ಅದು ಸದ್ದು ಮಾಡದ ಹಾಗೆ ಅವ್ವ ಅದನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.